ತೆಗೆದದ್ದು ನಿಮ್ಮದು

ನಮ್ಮಲ್ಲಿ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ನುಡಿನಮನ ಅಂತ ಇರುತ್ತದೆ. ಸತ್ತವರ ಫೋಟೋದ ಪಕ್ಕ ಒಬ್ಬರು ನಿಂತು ಐದು ನಿಮಿಷ ಒಳ್ಳೆಯ ಮಾತು ಆಡಬೇಕು. ಆಮೇಲೆ ಎಲ್ಲರೂ ಎದ್ದು ನಿಂತು ಮೌನ, ಆಮೇಲೆ ಊಟ. ಕಳೆದ ತಿಂಗಳು ಮಂಗಳೂರಿನ ಪಡೀಲಿನ ಒಂದು ಹಾಲ್‌ನಲ್ಲಿ ಆ ಮೈಕ್ ನನ್ನ ಕೈಗೆ ಬಂತು. ಸತ್ತವರು ನನ್ನ ನೆಂಟರಲ್ಲ, ಹನ್ನೆರಡು ವರ್ಷ ನನ್ನ ಹಳೆಯ ಕಾರನ್ನು ನೋಡಿಕೊಂಡ ಮೆಕ್ಯಾನಿಕ್. ಅವರ ಮಗಳು ಫೋನ್ ಮಾಡಿ, "ಅಪ್ಪನ ಕೆಲಸದ ಬಗ್ಗೆ ನಿಮಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿಲ್ಲ ಅಂಕಲ್, ನೀವೇ ಎರಡು ಮಾತಾಡಿ" ಅಂದಿದ್ದಳು. ಅವಳು ಹೇಳಿದ್ದು ಸರಿಯೇ. ಆ ದಿನ ನಾನು ಆಡಿದ್ದು ಗೊತ್ತಿದ್ದುದರ ಅರ್ಧ, ಉಳಿದ ಅರ್ಧ ಇಲ್ಲಿದೆ. ಅವರ ಹೆಸರು ಬರೆಯುವುದಿಲ್ಲ. ಅವರ ಮೇಲಿನ ಗೌರವಕ್ಕೆ ಅಂತ ತಿಳಿಯಬೇಡಿ, ಆ ಹುಡುಗಿಯ ಮುಖ ನೋಡಿ ಬಿಟ್ಟಿದ್ದೇನೆ.

ನಾನು ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್ ವಿಭಾಗದವನು. ಬೇರೆಯವರು ಮಾಡಿದ ಸಾಮಾನನ್ನು ಅಳೆದು, ಸರಿ ಇದ್ದರೆ ಹಳದಿ ಬಣ್ಣದ ಚುಕ್ಕೆ ಇಡುವುದು, ಇಲ್ಲದಿದ್ದರೆ ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಯಾರನ್ನೂ ಸುಲಭವಾಗಿ ನಂಬದವನು ಅಂತ ನನಗೆ ಹೆಸರುಂಟು. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಮುಂದೆ ಓದುವಾಗ ನಗುವವರು ನಗಬಹುದು.

ಸೆಕೆಂಡ್ ಹ್ಯಾಂಡ್ ಕಾರು ತೆಗೆದ ಹೊಸತರಲ್ಲಿ ಮುಂದಿನ ಚಕ್ರದ ಕಡೆಯಿಂದ ಒಂದು ಶಬ್ದ ಬರುತ್ತಿತ್ತು. ಮೂರು ಕಡೆ ತೋರಿಸಿದೆ. ಒಬ್ಬ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದ, ಇನ್ನೊಬ್ಬ ಸ್ಟೇರಿಂಗ್ ಬಾಕ್ಸ್ ಅಂದ, ಮೂರನೆಯವನು ಹಳೆಯ ಗಾಡಿ ಅಲ್ವಾ ಅಂತ ನಕ್ಕ. ಕಡೆಗೆ ಯಾರೋ ಪಡೀಲಿನ ಈ ಶೆಡ್ಡಿಗೆ ಕಳಿಸಿದರು. ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಹೋಗಿದ್ದೆ, ಕನ್ನಡದಲ್ಲಿ ಮಾತು ಶುರು ಮಾಡಿದೆ. ಇಬ್ಬರ ಮನೆಮಾತೂ ತುಳುವೇ ಅಂತ ಆಮೇಲೆ ಗೊತ್ತಾಯಿತು, ಆದರೂ ಮೊದಲ ದಿನ ಹತ್ತಿದ ಕನ್ನಡ ನಮ್ಮ ನಡುವೆ ಹಾಗೆಯೇ ಉಳಿಯಿತು. ಅವರು ಸಿಟ್ಟು ಬಂದಾಗ ಅಥವಾ ತುಂಬ ಖುಷಿಯಾದಾಗ ಮಾತ್ರ ತುಳುವಿಗೆ ಇಳಿಯುತ್ತಿದ್ದರು.

ಐವತ್ತು ದಾಟಿದ ಮನುಷ್ಯ. ಸಪೂರ ಮೈ, ಹೆಗಲ ಮೇಲೆ ಕೈ ಒರೆಸುವ ಒಂದು ಬೈರಾಸು. ಹತ್ತು ವರ್ಷ ಗಲ್ಫಿನಲ್ಲಿ ಗ್ಯಾರೇಜಿನಲ್ಲಿದ್ದು ವಾಪಸ್ ಬಂದವರು. ಬಾನೆಟ್ ಮುಟ್ಟಲಿಲ್ಲ, ಜ್ಯಾಕ್ ತರಲಿಲ್ಲ. ಸೀದಾ ಎಡಗಡೆಯ ಸೀಟಿನಲ್ಲಿ ಕುಳಿತು, "ರೇಡಿಯೋ ಬಂದ್ ಮಾಡಿ, ಎ.ಸಿ. ಬಂದ್ ಮಾಡಿ, ಗ್ಲಾಸ್ ಇಳಿಸಿ, ನಿಮ್ಮ ಬಾಯಿಯೂ ಬಂದ್ ಮಾಡಿ" ಅಂದರು. ಶೆಡ್ಡಿನಿಂದ ಸ್ವಲ್ಪ ಮುಂದೆ ಡಾಮರು ಕಿತ್ತುಹೋದ ಒಂದು ತುಂಡು ರಸ್ತೆ ಇತ್ತು, ಜಲ್ಲಿಯೆಲ್ಲ ಮೇಲೆ ಎದ್ದದ್ದು. ಅಲ್ಲಿ ನಡೆಯುವ ವೇಗದಲ್ಲಿ ಓಡಿಸಲು ಹೇಳಿದರು. ಕಣ್ಣು ಮುಚ್ಚಿಕೊಂಡರು. ಟಕ ಟಕ ಟಕ ಅಂತ ಬಂತು.

"ಕೇನುಂಡಾ?" ಅಂದರು. ಕೇಳುತ್ತದಾ ಅಂತ. "ದೊಡ್ಡ ಹೊಂಡಕ್ಕೆ ಬಿದ್ದಾಗ ದಡ್ ಅಂದ್ರೆ ಶಾಕ್. ಗಾಡಿ ತಿರುಗಿಸುವಾಗ ಕಟ ಕಟ ಅಂದ್ರೆ ಆಕ್ಸಲ್. ಹೀಗೆ ಸಣ್ಣ ಸಣ್ಣ ಕಲ್ಲಿಗೆ, ಅದೂ ನಿಧಾನ ಹೋಗುವಾಗ, ಟಕ ಟಕ ಅಂದ್ರೆ ಲಿಂಕ್ ರಾಡ್. ಬೇರೆ ಎಂತದ್ದೂ ಅಲ್ಲ."

ಲಿಂಕ್ ರಾಡ್ ಅಂದರೆ ಒಂದು ಗೇಣು ಉದ್ದದ ಕಬ್ಬಿಣದ ಸರಳು. ಎರಡು ತುದಿಯಲ್ಲೂ ಒಂದೊಂದು ಗುಂಡು, ಅದಕ್ಕೆ ರಬ್ಬರಿನ ಟೊಪ್ಪಿ. ಕಾರಿನ ಅಡಿಯಲ್ಲಿ ಎಡದಿಂದ ಬಲಕ್ಕೆ ಒಂದು ಬಾಗಿದ ಬಾರ್ ಇರುತ್ತದೆ, ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲದ ಹಾಗೆ ತಡೆಯುವುದು ಅದೇ. ಆ ಬಾರನ್ನು ಶಾಕಿಗೆ ಕಟ್ಟಿ ಹಿಡಿಯುವುದು ಈ ಸರಳು. ಗುಂಡು ಸವೆದರೆ ಒಳಗೆ ಜಾಗ ಆಗುತ್ತದೆ, ಆಗ ಶಬ್ದ. "ಲಿಂಕ್ ರಾಡ್ ಹೋದ್ರೆ ಗಾಡಿ ಬೀಳುವುದಿಲ್ಲ ಮಾರಾಯ್ರೆ, ಗಾಡಿಯವನ ಮರ್ಯಾದೆ ಬೀಳ್ತದೆ" ಅಂತ ಅವರ ಮಾತು. ಗಂಡ ಹೆಂಡತಿ ಕಾರಿನಲ್ಲಿ ಹೋಗುವಾಗ ಈ ಶಬ್ದ ಬಂದರೆ ಜಗಳ ಗ್ಯಾರಂಟಿ ಅಂತಲೂ ಹೇಳುತ್ತಿದ್ದರು. ಆಗ ನಕ್ಕಿದ್ದೆ.

ಆ ದಿನ ಅವರು ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು. "ಕುಳಿತು ನೋಡಿ. ಡಾಕ್ಟರ ಹಾಗೆ ನಾನು ಬಾಗಿಲು ಹಾಕಿಕೊಳ್ಳುವುದಿಲ್ಲ." ಎರಡೂ ಮುಂದಿನ ಚಕ್ರಗಳನ್ನು ಒಟ್ಟಿಗೆ ಎತ್ತಿದರು. ಒಂದೇ ಕಡೆ ಎತ್ತಿದರೆ ಬಾರ್ ತಿರುಚಿಕೊಂಡು ಸರಳು ಸಿಕ್ಕಿಹಾಕಿಕೊಳ್ಳುತ್ತದೆ, ಎಳೆದರೂ ಬರುವುದಿಲ್ಲ ಅಂತ ವಿವರಿಸಿದರು. ನಟ್ಟು ತಿರುಗಿಸುವಾಗ ಒಳಗಿನ ಗುಂಡೂ ಜೊತೆಗೆ ತಿರುಗುತ್ತದೆ, ಅದಕ್ಕೆ ಬೋಲ್ಟಿನ ನಡುವಿನ ತೂತಿಗೆ ಅಲನ್ ಕೀ ಹಾಕಿ ಹಿಡಿದುಕೊಂಡು ಸ್ಪ್ಯಾನರ್ ತಿರುಗಿಸಬೇಕು. ಬಿಚ್ಚಿದ ಸರಳನ್ನು ನನ್ನ ಕೈಗೆ ಕೊಟ್ಟು ಗುಂಡನ್ನು ಅಲ್ಲಾಡಿಸಲು ಹೇಳಿದರು. ಬೀಳಲಿರುವ ಹಾಲುಹಲ್ಲಿನ ಹಾಗೆ ಆಡುತ್ತಿತ್ತು. ಹೊಸದನ್ನೂ ಕೊಟ್ಟರು, ಅದು ಬಿಗಿ. ಜೇಬಿನಲ್ಲಿ ಫ್ಯಾಕ್ಟರಿಯ ಹಳದಿ ಪೆಯಿಂಟ್ ಪೆನ್ ಇತ್ತು. ತಮಾಷೆಗೆ ಹೊಸ ಸರಳಿನ ಮೇಲೆ ಒಂದು ಚುಕ್ಕೆ ಇಟ್ಟೆ. "ಓ, ಪಾಸ್ ಆಯ್ತಾ?" ಅಂತ ಅವರು ಎರಡನೆಯದನ್ನೂ ಮುಂದೆ ಹಿಡಿದರು, ಅದಕ್ಕೂ ಇಟ್ಟೆ.

ಕೊನೆಗೆ ಹಳೆಯ ಜೋಡಿಯನ್ನು ಪೇಪರಿನಲ್ಲಿ ಸುತ್ತಿ, ಹುರಿಹಗ್ಗದಿಂದ ಕಟ್ಟಿ, ನನ್ನ ಡಿಕ್ಕಿಯಲ್ಲಿ ಸ್ಟೆಪ್ನಿ ಟಯರಿನ ಪಕ್ಕ ಇಟ್ಟರು. "ತೆಗೆದದ್ದು ನಿಮ್ಮದು" ಅಂದರು. ಎಲ್ಲ ಗಿರಾಕಿಗಳಿಗೂ ಹೀಗೆಯೇ. ಬೇಡ ಅಂದರೂ ಬಿಡುತ್ತಿರಲಿಲ್ಲ. "ಇಲ್ಲಿ ಬಿಟ್ಟು ಹೋದ್ರೆ ಅನುಮಾನವನ್ನೂ ಇಲ್ಲೇ ಬಿಟ್ಟು ಹೋದ ಹಾಗೆ. ತೆಗೊಂಡು ಹೋಗಿ ಗುಜರಿಗೆ ಹಾಕಿ, ನನಗೆ ಬೇಡ." ನಾನು ಗುಜರಿಗೆ ಹಾಕಲಿಲ್ಲ. ಆ ಪೊಟ್ಟಣ ಡಿಕ್ಕಿಯಲ್ಲೇ ಉಳಿಯಿತು.

ನುಡಿನಮನದಲ್ಲಿ ನಾನು ಹೇಳಿದ್ದು ಒಂದು ಹೋಟೆಲಿನ ಧಣಿಯ ಕತೆ. ಒಂದು ದಿನ ನಾನು ಶೆಡ್ಡಿನಲ್ಲಿ ಇದ್ದಾಗ ಆ ಧಣಿ ದೊಡ್ಡ ಕಾರಿನಲ್ಲಿ ಬಂದರು. ಗಾಡಿ ಮಾರಲಿಕ್ಕುಂಟು, ಅಡಿಯಲ್ಲಿ ಶಬ್ದ ಉಂಟು, ಪಾರ್ಟ್ ಎಲ್ಲ ಹಾಕುವುದು ಬೇಡ, ಗ್ರೀಸ್ ತುಂಬಿಸಿ ಎಂತಾದರೂ ಸುತ್ತಿ ಒಂದು ತಿಂಗಳು ಶಬ್ದ ಬಾರದ ಹಾಗೆ ಮಾಡಿ ಕೊಡಿ ಅಂದರು. ಇವರು ಬೈರಾಸಿನಲ್ಲಿ ಕೈ ಒರೆಸಿಕೊಂಡು, "ಧಣಿಗಳೇ, ನಾನು ಶಬ್ದ ತೆಗೀತೇನೆ, ಅಡಗಿಸುವುದಿಲ್ಲ. ಅಡಗಿಸುವವರು ಮುಂದೆ ಹೋದ್ರೆ ಬೇಕಾದಷ್ಟು ಸಿಗ್ತಾರೆ" ಅಂದರು. ಆ ಧಣಿಗೆ ಮುಖ ಕೆಂಪಗಾಯಿತು, ಧೂಳೆಬ್ಬಿಸಿಕೊಂಡು ಹೋದರು. ಇವರು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಅವತ್ತಿನಿಂದ ನಾನು ಅವರ ಭಕ್ತ. ಫ್ಯಾಕ್ಟರಿಯಲ್ಲಿ ಆರೇಳು ಜನರನ್ನು ಅವರ ಹತ್ತಿರ ಕಳಿಸಿದ್ದೇನೆ. ಅವರ ಗಾಡಿಗಳ ಅಡಿಯಲ್ಲಿ ಎಂತೆಂತ ಉಂಟೋ, ಈಗ ಕೇಳಲಿಕ್ಕೂ ಧೈರ್ಯ ಇಲ್ಲ.

ಮೂರು ವರ್ಷದ ಹಿಂದೆ ಅದೇ ಟಕ ಟಕ ಮತ್ತೆ ಶುರುವಾಯಿತು. ಮೊದಲು ಹೇಳಿದವಳು ನನ್ನ ಹೆಂಡತಿ. ಅವಳು ಕುದ್ರೋಳಿಯ ನಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಹೊಲಿಗೆ ಮಿಶನ್ನಿನ ಸೂಜಿ ಒಂದು ಕೂದಲಷ್ಟು ಬಾಗಿದರೂ ಶಬ್ದದಲ್ಲೇ ಹೇಳುವ ಕಿವಿ ಅವಳದ್ದು. ಪಡೀಲಿಗೆ ಹೋದೆ. ಅವರು ಸೀಟಿನಲ್ಲಿ ಕುಳಿತರು, ಕಣ್ಣು ಮುಚ್ಚಿದರು, ಲಿಂಕ್ ರಾಡ್ ಅಂದರು. ಎಲ್ಲ ಮೊದಲಿನ ಹಾಗೆಯೇ. ಒಂದೇ ಒಂದು ವ್ಯತ್ಯಾಸ. ನಾನು ಸ್ಟೂಲ್ ಎಳೆದುಕೊಂಡಾಗ, "ನೀವು ಯಾಕೆ ಈ ಸೆಕೆಯಲ್ಲಿ ಕೂರುವುದು, ಹೋಗಿ ಒಂದು ಚಾ ಕುಡಿದು ಬನ್ನಿ" ಅಂದರು. ಪಾಪ, ಎಷ್ಟು ಕಾಳಜಿ ಅಂದುಕೊಂಡು ಹೋದೆ. ಚಾ ಕುಡಿದೆ, ಪೇಪರ್ ಓದಿದೆ, ಒಂದೂವರೆ ಗಂಟೆ ಬಿಟ್ಟು ಬಂದೆ. ಅಡಿಯಲ್ಲಿ ಕಪ್ಪಗೆ ಹೊಳೆಯುವ ಸರಳು, ಡಿಕ್ಕಿಯಲ್ಲಿ ಹುರಿಹಗ್ಗ ಕಟ್ಟಿದ ಪೊಟ್ಟಣ. ರಸ್ತೆಯಲ್ಲಿ ಓಡಿಸಿದೆ, ಶಬ್ದ ಇಲ್ಲ. "ಅಣ್ಣ, ನಿಮ್ಮ ಕೈಗೆ ಎಂತ ಹೇಳುವುದು" ಅಂದೆ. ಅವರು ಬೈರಾಸು ಕೊಡವಿ ಆಚೆ ನೋಡಿದರು.

ಎರಡು ತಿಂಗಳಿಗೆ ಹೆಂಡತಿ, "ಟಕ ಟಕ ಪುನಃ ಬಂತು" ಅಂದಳು. ನನಗೆ ಕೇಳಿಸಲಿಲ್ಲ. ದೇವರಾಣೆಗೂ ಕೇಳಿಸಲಿಲ್ಲ. ಅವಳು ಬಿಡಲಿಲ್ಲ ಅಂತ ಪಡೀಲಿಗೆ ಹೋದೆ. ಅವರು ಅದೇ ರಸ್ತೆಯಲ್ಲಿ ಕಾರಿನಲ್ಲಿ ಕುಳಿತು ಬಂದರು. "ಎಂತ ಇಲ್ಲ, ರಸ್ತೆಯ ಶಬ್ದ. ನಿಮಗೆ ಕೇಳ್ತದಾ?" ಅಂದರು. ಇಲ್ಲ ಅಂದೆ. ಅವರು ನಕ್ಕು, "ಹೆಂಗಸರಿಗೆ ಹಾಗೆ ಮಾರಾಯ್ರೆ. ಒಮ್ಮೆ ಕಿವಿಯಲ್ಲಿ ಕೂತದ್ದು ಇಳಿಯುವುದಿಲ್ಲ. ಗಾಡಿಯಿಂದ ಹೋದ್ರೂ ಅವರ ತಲೆಯಿಂದ ಹೋಗುವುದಿಲ್ಲ" ಅಂದರು.

ನಾನು ಆ ಮಾತನ್ನು ಮನೆಗೆ ಹೊತ್ತುಕೊಂಡು ಬಂದೆ. ನನ್ನೊಳಗೇ ಇಟ್ಟುಕೊಂಡಿದ್ದರೂ ಆಗುತ್ತಿತ್ತು. ಮುಂದಿನ ವಾರ ಬಂಟ್ವಾಳದಿಂದ ಮದುವೆ ಮುಗಿಸಿ ಬರುವಾಗ, ಹಿಂದಿನ ಸೀಟಿನಲ್ಲಿ ಅವಳ ಅಣ್ಣ ಕುಳಿತಿದ್ದಾಗ, ಅವಳು ಮತ್ತೆ ಶಬ್ದದ ಮಾತೆತ್ತಿದಳು. ನಾನು ರೇಗಿದೆ. "ಇದು ನಿನ್ನ ಹೊಲಿಗೆ ಮಿಶನ್ ಅಲ್ಲ. ಇಡೀ ಮಂಗಳೂರಿಗೆ ಗೊತ್ತಿರುವ ಮನುಷ್ಯ ಇಲ್ಲ ಅಂತ ಹೇಳಿದ್ದಾರೆ. ಶಬ್ದ ಇರುವುದು ನಿನ್ನ ತಲೆಯಲ್ಲಿ" ಅಂದೆ. ಅಣ್ಣ ಕಿಟಕಿಯ ಹೊರಗೆ ನೋಡಿದ.

ಮರುದಿನ ಮಾರ್ಕೆಟಿಗೆ ಹೋಗಲಿಕ್ಕೆ ಕಾರು ತೆಗೆದೆ, ಅವಳು ಚೀಲ ಹಿಡಿದು ಬಸ್ ಸ್ಟಾಪಿಗೆ ನಡೆದಳು. "ನನಗೆ ಕೇಳುವುದು ನಿಮಗೆ ಕೇಳುವುದಿಲ್ಲ ಅಲ್ವಾ, ನಾನು ಬೇರೆ ಗಾಡಿಯಲ್ಲೇ ಬರ್ತೇನೆ" ಅಂದಳು. ಎರಡು ದಿನದ ಕೋಪ ಅಂದುಕೊಂಡೆ. ಮೂರು ವರ್ಷ ಅವಳು ನನ್ನ ಕಾರು ಹತ್ತಲಿಲ್ಲ. ಮನೆಯಲ್ಲಿ ಎಲ್ಲ ಮೊದಲಿನ ಹಾಗೆ, ಊಟ ಬಡಿಸುತ್ತಿದ್ದಳು, ಮಾತಾಡುತ್ತಿದ್ದಳು, ನಗುತ್ತಿದ್ದಳು ಕೂಡ. ಆದರೆ ಒಂದೇ ಮದುವೆಗೆ ನಾನು ಕಾರಿನಲ್ಲಿ, ಅವಳು ಬಸ್ಸಿನಲ್ಲಿ. ನೆಂಟರು ಕೇಳಿದರೆ "ನನಗೆ ಕಾರಿನಲ್ಲಿ ತಲೆ ತಿರುಗ್ತದೆ" ಅನ್ನುತ್ತಿದ್ದಳು, ನನ್ನ ಮರ್ಯಾದೆ ಉಳಿಸುವ ಹಾಗೆ.

ಕಳೆದ ವರ್ಷ ಅವರು ಶೆಡ್ ಮುಚ್ಚಿದರು, ಆರೋಗ್ಯ ಸರಿ ಇಲ್ಲ ಅಂತ. ಅಷ್ಟರಲ್ಲಿ ಟಕ ಟಕ ನನಗೂ ಕೇಳುವಷ್ಟಾಗಿತ್ತು. ಎರಡು ವರ್ಷದಲ್ಲಿ ಸವೆದಿರಬೇಕು, ನಮ್ಮ ರಸ್ತೆ ಹಾಗೆ ಅಂದುಕೊಂಡೆ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಗುರುಗಳು ಕಲಿಸಿದ್ದನ್ನು ನಾನೇ ಮಾಡುತ್ತೇನೆ ಅಂತ ಹೊಸ ಜೋಡಿ ತಂದು, ರಜೆಯ ದಿನ ಬೈಕಂಪಾಡಿಗೆ ಹೋಗಿ ಫ್ಯಾಕ್ಟರಿಯ ಮೇಂಟೆನೆನ್ಸ್ ಶೆಡ್ಡಿನಲ್ಲಿ ಕಾರು ಎತ್ತಿದೆ. ಎರಡೂ ಚಕ್ರ ಒಟ್ಟಿಗೆ. ಅಲನ್ ಕೀ ಹಾಕಿದೆ. ನಟ್ಟು ಕದಲಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬ್ರಶ್ಶಿನಿಂದ ಉಜ್ಜುವಾಗ ಕಪ್ಪು ಪೆಯಿಂಟ್ ಸಿಪ್ಪೆಯ ಹಾಗೆ ಎದ್ದು ಬಂತು. ಪೆಯಿಂಟಿನ ಕೆಳಗೆ ಗುಂಡಿನ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ, ಅದರ ಮೇಲೆ ಬೈಂಡಿಂಗ್ ವಯರ್. ಟ್ಯೂಬ್ ಕತ್ತರಿಸಿದರೆ ಒಣಗಿ ಮಣ್ಣಾದ ಗ್ರೀಸ್. ಇನ್ನೂ ಉಜ್ಜಿದೆ. ಸರಳಿನ ನಡುವೆ ಒಂದು ಹಳದಿ ಚುಕ್ಕೆ ಕಂಡಿತು. ಅದು ನಾನೇ ಹನ್ನೆರಡು ವರ್ಷದ ಹಿಂದೆ ಇಟ್ಟ ಚುಕ್ಕೆ.

ಬದಲಿಸಿಯೇ ಇರಲಿಲ್ಲ. ಡಿಕ್ಕಿಯಿಂದ ಎರಡನೆಯ ಪೊಟ್ಟಣ ತೆಗೆದು ಬಿಚ್ಚಿದೆ. ಅದರಲ್ಲಿದ್ದ ಸರಳುಗಳು ನನ್ನ ಗಾಡಿಯದ್ದಕ್ಕಿಂತ ನಾಲ್ಕು ಬೆರಳು ಉದ್ದ. ಯಾವುದೋ ಬೇರೆ ಗಾಡಿಯದ್ದು. ಅಳತೆಯ ವರ್ನಿಯರ್ ಹಿಡಿದು ದಿನವಿಡೀ ಬೇರೆಯವರ ತಪ್ಪು ಹುಡುಕುವ ನಾನು ಎರಡು ವರ್ಷ ಅದನ್ನು ಹೊತ್ತು ತಿರುಗಿದ್ದೆ, ಒಮ್ಮೆಯೂ ಹಗ್ಗ ಬಿಚ್ಚಿರಲಿಲ್ಲ. ಬಿಚ್ಚುವುದು ಅವರಿಗೆ ಅವಮಾನ ಅಂತ ಅನಿಸಿತ್ತು. ಅಲ್ಲಿಯೇ ನೆಲದ ಮೇಲೆ ಕುಳಿತೆ. ನಟ್ಟನ್ನು ಗ್ರೈಂಡರಿನಲ್ಲಿ ಕತ್ತರಿಸಿ, ಹೊಸದನ್ನು ಹಾಕಿ, ಸೀದಾ ಪಡೀಲಿಗೆ ಕಾರು ಓಡಿಸಿದೆ.

ಅವರು ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇದ್ದರು. ಬಲಗೈ ಬೈರಾಸಿನ ಅಡಿಯಲ್ಲಿ. ನಾನು ಎರಡು ಜೋಡಿಯನ್ನೂ ಅವರ ಕಾಲ ಬಳಿ ಇಟ್ಟೆ. ಅವರು ನೋಡಿದರು. ಸುಳ್ಳು ಹೇಳಲಿಲ್ಲ, ಅಷ್ಟು ಒಪ್ಪಬೇಕು.

"ನೀವೇ ಬಿಚ್ಚಿದ್ದಾ?"

"ನಾನೇ."

"ನಟ್ಟು ಬಂತಾ?"

"ಕಟ್ ಮಾಡಿದೆ. ಅದು ಬಿಡಿ ಅಣ್ಣ, ಇದು ಯಾರ ಗಾಡಿಯದ್ದು?"

"ಯಾವುದೋ ಟ್ಯಾಕ್ಸಿಯದ್ದು." ಬೈರಾಸು ಸರಿಸಿ ಬಲಗೈ ಹೊರಗೆ ತೆಗೆದರು. ಕೈ ನಡುಗುತ್ತಿತ್ತು. "ಅವತ್ತು ಒಂದು ಗಂಟೆ ನೋಡಿದೆ ಮಾರಾಯ್ರೆ. ನಟ್ಟು ಕಲ್ಲಾಗಿತ್ತು. ಕೈಯಲ್ಲಿ ಬಲ ಇಲ್ಲ. ಗ್ರೈಂಡರ್ ಹಿಡಿದ್ರೆ ಬ್ರೇಕ್ ಪೈಪಿಗೆ ತಾಗಿಸ್ತೇನೋ ಅಂತ ಹೆದರಿಕೆ. ನೀವು ಈಗ ಬರ್ತೀರಿ, ಎಂತ ಹೇಳುವುದು?"

"ಆಗುವುದಿಲ್ಲ ಅಂತ ಹೇಳುವುದು."

"ಹೇಳಿದ್ರೆ ನೀವು ಮತ್ತೆ ಬರ್ತಿದ್ರಾ?"

ಬರುತ್ತಿದ್ದೆ. ಆಣೆ ಮಾಡಿ ಹೇಳುತ್ತೇನೆ, ಚಾ ಕುಡಿಯಲಿಕ್ಕಾದರೂ ಬರುತ್ತಿದ್ದೆ. ಆದರೆ ನನಗೆ ಕೇಳಬೇಕಾಗಿದ್ದದ್ದು ಬೇರೆ. "ರಾಡ್ ಹೋಗಲಿ. ಶಬ್ದ ಉಂಟು ಅಂತ ನಿಮಗೆ ಗೊತ್ತಿತ್ತು. ನನ್ನ ಹೆಂಡತಿಯ ತಲೆಯಲ್ಲಿ ಉಂಟು ಅಂತ ಯಾಕೆ ಹೇಳಿದ್ರಿ?"

"ನಾನು ಹಾಗೆ ಹೇಳಿದ್ದೆನಾ?" ಅಂದರು. ನಿಜವಾಗಿ ಮರೆತಿದ್ದರು. ನನ್ನ ಮನೆಯಲ್ಲಿ ಎರಡು ವರ್ಷದಿಂದ ಕುಳಿತಿದ್ದ ಮಾತು ಅವರಿಗೆ ನೆನಪೇ ಇರಲಿಲ್ಲ.

ನಾನು ಒಂದೇ ಕೇಳಿದೆ. ನಮ್ಮ ಮನೆಗೆ ಬಂದು ಅವಳ ಹತ್ತಿರ ಹೇಳಿ, ಶಬ್ದ ಇತ್ತು ಅಂತ. ಬೇರೆ ಎಂತ ಬೇಡ. "ಬರ್ತೇನೆ" ಅಂದರು. "ಕೈ ಸ್ವಲ್ಪ ಸಮ ಆಗಲಿ, ನಾನೇ ಬಂದು ಅಕ್ಕನ ಹತ್ತಿರ ಹೇಳ್ತೇನೆ. ನೀವು ಹೇಳ್ಬೇಡಿ, ನಾನೇ ಹೇಳಬೇಕಾದ್ದು." ಹಳೆಯ ಸರಳುಗಳನ್ನು ಎತ್ತಿಕೊಳ್ಳಲು ಬಾಗಿದೆ. ಅಭ್ಯಾಸ ಬಲದಿಂದ ಅವರು "ತೆಗೆದದ್ದು ನಿಮ್ಮದು" ಅಂದರು. ಅಂದ ಮೇಲೆ ಅವರಿಗೇ ನಾಚಿಕೆಯಾಗಿರಬೇಕು, ಮುಖ ತಿರುಗಿಸಿದರು.

ಅವರು ಬರಲಿಲ್ಲ. ಒಂದು ವರ್ಷ ಕಾದೆ. ಕುದ್ರೋಳಿ ದೇವಸ್ಥಾನಕ್ಕೆ ಎರಡು ಸಲ ಬಂದಿದ್ದರಂತೆ, ನಮ್ಮ ಗೇಟಿನ ಮುಂದೆಯೇ ಹೋಗಿರಬೇಕು. ಕಡೆಗೆ ಬಂದದ್ದು ಸತ್ತ ಸುದ್ದಿ.

ಹಾಲ್‌ನಲ್ಲಿ ಮೈಕ್ ಹಿಡಿದು ನಿಂತಾಗ ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಕುಳಿತಿದ್ದಳು. ಆ ಮಗಳ ಮದುವೆಯ ರವಿಕೆ ಹೊಲಿದವಳು ಅವಳೇ, ಬಸ್ಸಿನಲ್ಲಿ ಬಂದಿದ್ದಳು. ನಾನು ಧಣಿಯ ಕತೆ ಹೇಳಿದೆ. "ನಾನು ಶಬ್ದ ತೆಗೀತೇನೆ, ಅಡಗಿಸುವುದಿಲ್ಲ" ಅನ್ನುವ ಮಾತಿಗೆ ಬಂದಾಗ ಜನ ತಲೆದೂಗಿದರು, ಮಗಳು ಕಣ್ಣು ಒರೆಸಿಕೊಂಡಳು. ನಾನು ಅಲ್ಲಿಗೇ ಮೈಕ್ ಕೆಳಗಿಟ್ಟೆ. ದುಃಖಕ್ಕೆ ಅಂತ ಎಲ್ಲರೂ ತಿಳಿದರು. ಸಿಟ್ಟಿಗೆ ಇಟ್ಟದ್ದು. ಫೋಟೋದಲ್ಲಿ ಅದೇ ಬೈರಾಸು, ಅದೇ ಮುಖ. ಬರ್ತೇನೆ ಅಂದಿರಲ್ಲ ಮಹಾರಾಯರೇ, ಈಗ ನಾನು ಯಾರನ್ನು ಕರೆದುಕೊಂಡು ಹೋಗಿ ಅವಳ ಮುಂದೆ ನಿಲ್ಲಿಸಲಿ ಅಂತ ಮನಸ್ಸಿನಲ್ಲೇ ಕೇಳಿದೆ.

ಊಟ ಆದ ಮೇಲೆ ಹೊರಗೆ ಅವಳ ಹತ್ತಿರ, "ಬಾ, ಕಾರಿನಲ್ಲಿ ಹೋಗುವ. ಒಂದು ವಿಷಯ ಉಂಟು" ಅಂದೆ. ಸತ್ತವರ ಮನೆಯ ದಿನ ಮಾತು ಬೆಳೆಸುವುದು ಬೇಡ ಅಂತಲೋ ಏನೋ, ಹತ್ತಿದಳು. ನಾನು ಬೇಕೆಂದೇ ಆ ಜಲ್ಲಿ ಎದ್ದ ರಸ್ತೆಗೆ ತಿರುಗಿಸಿದೆ. ರೇಡಿಯೋ ಬಂದ್, ಎ.ಸಿ. ಬಂದ್, ಗ್ಲಾಸ್ ಇಳಿಸಿದೆ. ನಡೆಯುವ ವೇಗದಲ್ಲಿ ಹೋದೆ.

"ಕೇನುಂಡಾ?" ಅಂದೆ.

ಅವಳು ಸ್ವಲ್ಪ ಹೊತ್ತು ಕೇಳಿದಳು. "ಇಲ್ಲ. ಈಗ ಇಲ್ಲ" ಅಂದಳು. ಅವಳ ಮುಖದಲ್ಲಿ ಒಂದು ಬೆಳಕು ಬಂತು, ಅದನ್ನು ನಾನು ನೋಡಿದೆ. ಎಲ್ಲ ಹೇಳಿದೆ. ಟ್ಯೂಬು, ಗ್ರೀಸು, ಹಳದಿ ಚುಕ್ಕೆ, ಟ್ಯಾಕ್ಸಿಯ ಸರಳು, ಅವರು ಅವಳ ಬಗ್ಗೆ ಆಡಿದ ಮಾತು. ನಿನಗೆ ಕೇಳಿದ್ದು ಸರಿ ಇತ್ತು, ನನಗೆ ಮೋಸ ಮಾಡಿದರು ಅಂದೆ.

"ನೀವು ಬಿಚ್ಚಿದ್ದು ಯಾವಾಗ?"

"ಹೋದ ವರ್ಷ."

"ಹೋದ ವರ್ಷ" ಅಂದಳು.

"ಅವರೇ ಬಂದು ಹೇಳ್ತೇನೆ ಅಂದಿದ್ರು. ಅದಕ್ಕೆ ಕಾದೆ."

ಪಂಪ್‌ವೆಲ್ ಸರ್ಕಲ್ ಬಂದಾಗ, "ಇಲ್ಲಿ ನಿಲ್ಲಿಸಿ" ಅಂದಳು. ಇಳಿದು, ಬಾಗಿಲು ಹಾಕಿ, ಕಿಟಕಿಯಲ್ಲಿ ಬಗ್ಗಿದಳು. ಸ್ವರ ಏರಿಸಲಿಲ್ಲ.

"ಅವರು ಸತ್ತರು, ಅವರದ್ದು ಮುಗೀತು. ನೀವು ಇಡೀ ವರ್ಷ ಮನೆಯಲ್ಲೇ ಇದ್ರಲ್ಲ."

ಬಸ್ಸು ಬಂತು, ಹತ್ತಿದಳು. ನಾನು ಆ ಬಸ್ಸಿನ ಹಿಂದೆಯೇ ಊರೆಲ್ಲ ಸುತ್ತಿ ಕುದ್ರೋಳಿವರೆಗೆ ಬಂದೆ. ಅವಳು ಇಳಿಯುವ ಸ್ಟಾಪಿನಲ್ಲಿ ಕಾರು ನಿಲ್ಲಿಸಿ, ಎಡಗಡೆಯ ಬಾಗಿಲು ತೆಗೆದು ಹಿಡಿದೆ. ಅವಳು ನೋಡಿದಳು. ಮನೆ ಅಲ್ಲಿಂದ ಹತ್ತು ಹೆಜ್ಜೆ. ನಡೆದೇ ಹೋದಳು.